ಎರಡನೇ ಸಲ ನುಡಿಸುವವರು: ಬರ್ನ್‌ಸ್ಟೀನ್, ಅಮೆರಿಕದ ಸಂಗೀತ, ಅಲ್ಲಿನ ಮಕ್ಕಳು

ಪ್ರಶ್ನೆ: ನನ್ನ ಮಗಳಿಗೆ ಹದಿನಾಲ್ಕು ವರ್ಷ, ಪಿಯಾನೋ ಕಲಿಯುತ್ತಿದ್ದಾಳೆ. ಅವಳ ಟೀಚರ್ ಹೇಳಿದರೆಂದು ಅಮೆರಿಕದ ಆರ್ಕೆಸ್ಟ್ರಾ ಕಂಡಕ್ಟರ್ ಲಿಯೊನಾರ್ಡ್ ಬರ್ನ್‌ಸ್ಟೀನ್ ಅವರ ಹಳೆಯ ಕಪ್ಪು-ಬಿಳುಪು ಟಿವಿ ಕಾರ್ಯಕ್ರಮಗಳನ್ನು ಇಬ್ಬರೂ ಕೂತು ನೋಡುತ್ತಿದ್ದೇವೆ. ಎಲ್ಲಿ ಓದಿದರೂ ಅವರು ಅಮೆರಿಕದ ಸಂಗೀತವನ್ನು ಬೆಳೆಸಿದವರು, ಮಕ್ಕಳನ್ನು ಸಂಗೀತಕ್ಕೆ ಕರೆತಂದವರು ಎಂದೇ ಇದೆ. ಸಂಗೀತ ಬರೆಯುವವರು ಕಂಪೋಸರ್‌ಗಳು, ನುಡಿಸುವವರು ವಾದಕರು. ನಡುವೆ ನಿಂತು ಕೈ ಆಡಿಸುವ ಕಂಡಕ್ಟರ್ ಒಂದು ದೇಶದ ಸಂಗೀತವನ್ನು ಬೆಳೆಸುವುದು ಅಂದ್ರೆ ಹೇಗೆ? ಮಕ್ಕಳ ಕಾರ್ಯಕ್ರಮ ಅವರಿಗೆ ಸುಮ್ನೆ ಒಂದು ಸೈಡ್ ಕೆಲಸ ಆಗಿತ್ತಾ?

ಉತ್ತರ: ಎರಡನೇ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಸೈಡ್ ಕೆಲಸ ಖಂಡಿತ ಆಗಿರಲಿಲ್ಲ. ಅಮೆರಿಕದ ಸಂಗೀತ, ಅಮೆರಿಕದ ಮಕ್ಕಳು, ಇವೆರಡೂ ಬರ್ನ್‌ಸ್ಟೀನ್ ಅವರಿಗೆ ಒಂದೇ ಕೆಲಸದ ಎರಡು ತುದಿ. ಯಾಕೆ ಅಂತ ಹೇಳಬೇಕಾದರೆ ಕಂಡಕ್ಟರ್ ಕೈಯಲ್ಲಿ ನಿಜವಾಗಿ ಏನಿರುತ್ತದೆ ಅನ್ನುವುದರಿಂದ ಶುರು ಮಾಡಬೇಕು.

ಕಾನ್ಸರ್ಟ್ ದಿನ ನಮಗೆ ಕಾಣುವುದು ಆ ಕೋಲು, ಆ ಕೈ. ಅದು ಕೆಲಸದ ಸಣ್ಣ ಪಾಲು. ದೊಡ್ಡ ಪಾಲು ಮುಗಿದಿರುವುದು ವರ್ಷ ಎರಡು ವರ್ಷ ಮುಂಚೆ, ಮುಂದಿನ ಸೀಸನ್‌ನಲ್ಲಿ ಏನೇನು ನುಡಿಸಬೇಕು ಎಂದು ಪಟ್ಟಿ ಮಾಡುವಾಗ. ಅಮೆರಿಕದ ದೊಡ್ಡ ಆರ್ಕೆಸ್ಟ್ರಾಗಳಲ್ಲಿ ಸಾಮಾನ್ಯವಾಗಿ ವಾರಕ್ಕೊಂದು ಹೊಸ ಕಾರ್ಯಕ್ರಮ. ಅದಕ್ಕೆ ನಾಲ್ಕು ರಿಹರ್ಸಲ್ ಸಿಕ್ಕರೆ ಪುಣ್ಯ. ಬೀಥೋವನ್ ಸಿಂಫನಿ (ಇಡೀ ಆರ್ಕೆಸ್ಟ್ರಾಗೆ ಬರೆದ ದೊಡ್ಡ ಕೃತಿ) ಹಾಕಿದರೆ ವಾದಕರಿಗೆ ಅದು ಬಾಯಿಪಾಠ, ಒಂದು ಸಲ ನುಡಿಸಿ ಅಲ್ಲಿ ಇಲ್ಲಿ ತಿದ್ದಿದರೆ ಆಯಿತು. ಹೊಸ ಕೃತಿ ಹಾಕಿದರೆ ರಿಹರ್ಸಲ್ ಸಮಯವನ್ನೆಲ್ಲ ಅದೊಂದೇ ನುಂಗುತ್ತದೆ. ನೊಟೇಶನ್ ಹಾಳೆಗಳನ್ನು ಪ್ರಕಾಶಕರಿಂದ ಬಾಡಿಗೆಗೆ ತರಬೇಕು, ರಾಯಲ್ಟಿ ಕಟ್ಟಬೇಕು. ಟಿಕೆಟ್ ಮಾರುವ ವಿಭಾಗದವರು ಮುಖ ಸಿಂಡರಿಸುತ್ತಾರೆ. ಸೀಸನ್ ಟಿಕೆಟ್ ಇಟ್ಟುಕೊಂಡ ಹಿರಿಯರು ನಡುವೆ ಎದ್ದು ಹೊರಡುತ್ತಾರೆ. ಅದಕ್ಕೇ ಹೊಸದನ್ನು ಇಂಟರ್ವಲ್‌ಗೆ ಮುಂಚೆ, ಎರಡು ಹಳೆಯ ಕೃತಿಗಳ ಮಧ್ಯೆ ಸಿಕ್ಕಿಸುವ ಉಪಾಯ ಎಲ್ಲ ಕಡೆ ಇದೆ. ಬಾಗಿಲು ಹಾಕಿರುತ್ತಾರೆ, ಓಡಿಹೋಗಲು ಆಗುವುದಿಲ್ಲ!

ಇಷ್ಟೆಲ್ಲ ದಾಟಿಯೂ ಮೊದಲ ಪ್ರದರ್ಶನ ಹೇಗೋ ಆಗಿಬಿಡುತ್ತದೆ. ಮೊಟ್ಟಮೊದಲ ಸಲ ಅನ್ನುವುದಕ್ಕೆ ಒಂದು ಸುದ್ದಿಬೆಲೆ ಇದೆಯಲ್ಲ. ಪತ್ರಿಕೆಯವರು ಬರುತ್ತಾರೆ, ಕಂಪೋಸರ್ ವೇದಿಕೆಗೆ ಬಂದು ಕೈಮುಗಿಯುತ್ತಾರೆ. ಮದುವೆಗೆ ಊರೆಲ್ಲ ಬರುತ್ತದೆ, ಸಂಸಾರ ನಡೆಸೋದಕ್ಕೆ ಯಾರೂ ಬರುವುದಿಲ್ಲ ಅನ್ನುವ ಹಾಗೆ, ಕಷ್ಟ ಇರುವುದು ಎರಡನೇ ಸಲಕ್ಕೆ. ಒಂದೇ ಸಲ ನುಡಿಸಿ ಕಪಾಟು ಸೇರಿದ ಅಮೆರಿಕನ್ ಸಿಂಫನಿಗಳು ರಾಶಿ ರಾಶಿ ಇವೆ. ಒಬ್ಬ ಕಂಡಕ್ಟರ್ ಹಟ ಹಿಡಿದು ಮೂರನೇ ಸಲ, ಹತ್ತನೇ ಸಲ ಅದನ್ನೇ ಹಾಕಿದಾಗ ಮಾತ್ರ ಅದು ವಾದಕರ ಬೆರಳಿಗೆ ಹತ್ತುತ್ತದೆ, ಕೇಳುವವರ ಕಿವಿಗೆ ಪರಿಚಯವಾಗುತ್ತದೆ, ಪಕ್ಕದ ಊರಿನ ಕಂಡಕ್ಟರ್‌ಗೂ ಧೈರ್ಯ ಬರುತ್ತದೆ. ದೇಶದ ಸಂಗೀತ ಬೆಳೆಸುವುದು ಅಂತ ನೀವು ಓದಿದ್ದೀರಲ್ಲ, ಅದರಲ್ಲಿ ಮುಕ್ಕಾಲು ಪಾಲು ಈ ಹಟ. ಬರ್ನ್‌ಸ್ಟೀನ್ ಅವರೇ ಕಂಪೋಸರ್ ಕೂಡ ಆಗಿದ್ದರು ನಿಜ. ಆದರೆ ಇಲ್ಲಿ ನಾನು ಹೇಳುತ್ತಿರುವುದು ಬೇರೆಯವರ ಸಂಗೀತಕ್ಕೆ ಅವರು ಮಾಡಿದ ಕೆಲಸದ ಬಗ್ಗೆ.

ಅವರು ಹುಟ್ಟಿದ್ದು 1918ರಲ್ಲಿ, ಮ್ಯಾಸಚೂಸೆಟ್ಸ್‌ನ ಲಾರೆನ್ಸ್ ಎಂಬ ಊರಿನಲ್ಲಿ. ಅಪ್ಪ-ಅಮ್ಮ ಉಕ್ರೇನ್ ಕಡೆಯಿಂದ ವಲಸೆ ಬಂದ ಯಹೂದಿಗಳು. ಅಪ್ಪನದು ಸೌಂದರ್ಯ ಸಾಧನಗಳ ವ್ಯಾಪಾರ. ಹತ್ತು ವರ್ಷದವರಿದ್ದಾಗ ಅತ್ತೆಯೊಬ್ಬರ ಹಳೇ ಪಿಯಾನೋ ಮನೆಗೆ ಬಂತು, ಹುಡುಗ ಅದಕ್ಕೇ ಅಂಟಿಕೊಂಡ. ಸಂಗೀತ ಹೊಟ್ಟೆ ಹೊರೆಯುತ್ತದಾ ಎಂದು ಅಪ್ಪನಿಗೆ ಅನುಮಾನ. ಆಗಿನ ಅಮೆರಿಕ ನೋಡಿದರೆ ಆ ಅನುಮಾನ ತಪ್ಪೇನಲ್ಲ. ಅಲ್ಲಿನ ದೊಡ್ಡ ಆರ್ಕೆಸ್ಟ್ರಾಗಳ ಮುಂದೆ ನಿಂತಿದ್ದವರ ಹೆಸರು ನೋಡಿ: ಟೊಸ್ಕನಿನಿ, ಕೂಸೆವಿಟ್ಸ್ಕಿ, ಸ್ಟೊಕೊವ್‌ಸ್ಕಿ, ರೈನರ್, ಆರ್ಮಂಡಿ, ಮಿಟ್ರೊಪೌಲೊಸ್. ಎಲ್ಲರೂ ಯುರೋಪಿನಿಂದ ಬಂದವರು. ಕಂಡಕ್ಟರ್ ಅಂದ್ರೆ ಯುರೋಪಿನವರು, ಸಂಗೀತ ಅಂದ್ರೆ ಜರ್ಮನಿ-ಆಸ್ಟ್ರಿಯಾದ್ದು. ಅಮೆರಿಕದ ಹುಡುಗ ಆ ಜಾಗಕ್ಕೆ ಹೋಗಬಹುದು ಅನ್ನುವ ಕಲ್ಪನೆಯೇ ಯಾರಿಗೂ ಇರಲಿಲ್ಲ.

ತಮಾಷೆ ಅಂದ್ರೆ, ಅಮೆರಿಕದ ಸಂಗೀತಕ್ಕೆ ಆ ಕಾಲದಲ್ಲಿ ಎಲ್ಲರಿಗಿಂತ ಜಾಸ್ತಿ ಮಾಡಿದವರಲ್ಲಿ ಒಬ್ಬರು ರಷ್ಯದಲ್ಲಿ ಹುಟ್ಟಿದ ಸರ್ಜ್ ಕೂಸೆವಿಟ್ಸ್ಕಿ. 1924ರಿಂದ 1949ರವರೆಗೆ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾ ನಡೆಸಿದವರು. ಆರನ್ ಕೋಪ್‌ಲ್ಯಾಂಡ್, ರಾಯ್ ಹ್ಯಾರಿಸ್, ವಿಲಿಯಂ ಶುಮನ್ ಮೊದಲಾದ ಅಮೆರಿಕನ್ ಕಂಪೋಸರ್‌ಗಳ ಹೊಸ ಕೃತಿಗಳನ್ನು ಕೇಳಿ ಕೇಳಿ ತರಿಸಿಕೊಂಡು ನುಡಿಸಿದರು. 1940ರಲ್ಲಿ ಟ್ಯಾಂಗಲ್‌ವುಡ್ ಎಂಬಲ್ಲಿ ಯುವ ಸಂಗೀತಗಾರರಿಗೆ ಬೇಸಿಗೆ ಶಾಲೆ ತೆರೆದರು. ಮೊದಲ ವರ್ಷದ ಕಂಡಕ್ಟಿಂಗ್ ವಿದ್ಯಾರ್ಥಿಗಳಲ್ಲಿ ಬರ್ನ್‌ಸ್ಟೀನ್ ಇದ್ದರು. ಹೊಸ ಸಂಗೀತ ಮತ್ತು ಹೊಸ ಹುಡುಗರು, ಎರಡನ್ನೂ ಒಂದೇ ಕೈಯಲ್ಲಿ ಹಿಡಿಯುವ ಪಾಠ ಅವರಿಗೆ ಸಿಕ್ಕಿದ್ದು ಅಲ್ಲೇ. ಗುರುಗಳು ಕೊಟ್ಟ ಕಫ್‌ಲಿಂಕ್‌ಗಳನ್ನು ಬರ್ನ್‌ಸ್ಟೀನ್ ಕೊನೆಯವರೆಗೂ ಕಾನ್ಸರ್ಟ್‌ಗಳಿಗೆ ಹಾಕಿಕೊಳ್ಳುತ್ತಿದ್ದರು, ವೇದಿಕೆಗೆ ಹೋಗುವ ಮುಂಚೆ ಅವಕ್ಕೆ ಮುತ್ತು ಕೊಡುತ್ತಿದ್ದರು.

ಟ್ಯಾಂಗಲ್‌ವುಡ್‌ಗೂ ಒಂದು ವರ್ಷ ಹಿಂದೆ, 1939ರಲ್ಲಿ, ಹಾರ್ವರ್ಡ್‌ನಲ್ಲಿ ಪದವಿಗಾಗಿ ಅವರು ಬರೆದ ಪ್ರಬಂಧದ ವಿಷಯ ಕುತೂಹಲದ್ದು. ಬೇರೆ ಬೇರೆ ಜನಾಂಗಗಳ ಸಂಗೀತ ಅಮೆರಿಕದ ಶಾಸ್ತ್ರೀಯ ಸಂಗೀತದೊಳಗೆ ಹೇಗೆ ಬೆರೆತುಕೊಂಡಿದೆ ಅನ್ನುವುದು. ಇಪ್ಪತ್ತೊಂದನೇ ವಯಸ್ಸು ತುಂಬುವ ಮುಂಚೆ ತಲೆಗೆ ಹೊಕ್ಕ ಪ್ರಶ್ನೆ ಇದು: ಅಮೆರಿಕದ ಸಂಗೀತ ಅಂತ ಒಂದು ಇದೆಯಾ, ಇದ್ದರೆ ಅದನ್ನು ಅಮೆರಿಕದ್ದು ಅಂತ ಗುರುತಿಸೋದು ಹೇಗೆ? ಇದನ್ನು ನೆನಪಿಟ್ಟುಕೊಳ್ಳಿ, ಮಕ್ಕಳ ಕಾರ್ಯಕ್ರಮದಲ್ಲಿ ಮತ್ತೆ ಬರುತ್ತದೆ.

1943ರ ನವೆಂಬರ್ 14ರ ಕಥೆ ನೀವು ಓದಿಯೇ ಇರುತ್ತೀರಿ. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾಗೆ ಅವರು ಆಗ ಸಹಾಯಕ ಕಂಡಕ್ಟರ್, ವಯಸ್ಸು 25. ಅತಿಥಿ ಕಂಡಕ್ಟರ್ ಬ್ರೂನೊ ವಾಲ್ಟರ್‌ಗೆ ಜ್ವರ ಬಂತು. ಬೆಳಿಗ್ಗೆ ಫೋನ್, ಮಧ್ಯಾಹ್ನ ಕಾರ್ನೆಗಿ ಹಾಲ್‌ನಲ್ಲಿ ಕಾನ್ಸರ್ಟ್. ರಿಹರ್ಸಲ್ ಇಲ್ಲ, ಮೇಲಾಗಿ ರೇಡಿಯೋದಲ್ಲಿ ದೇಶಕ್ಕೆಲ್ಲ ನೇರ ಪ್ರಸಾರ. ಕಂಬಳಿ ಹೊದ್ದು ಕೂತಿದ್ದ ವಾಲ್ಟರ್ ಹತ್ತಿರ ಹೋಗಿ ಸ್ಕೋರ್‌ನ ಕಷ್ಟದ ಜಾಗಗಳನ್ನು ಕೇಳಿಕೊಂಡು ಬಂದರು. ಕೇಳಲು ಸಿನಿಮಾ ಕಥೆಯ ಹಾಗಿದೆ. ಆದರೆ ಕಂಡಕ್ಟರ್ ಏನು ಮಾಡುತ್ತಾರೆ ಎಂದು ಕೇಳಿದ್ದೀರಲ್ಲ, ಅದಕ್ಕೆ ಅವತ್ತಿನ ಮೊದಲ ಕೃತಿಯೇ ಒಳ್ಳೇ ಉತ್ತರ. ಜರ್ಮನಿಯ ರಾಬರ್ಟ್ ಶುಮಾನ್ ಅವರ (ಆಗಲೇ ಹೇಳಿದ ಅಮೆರಿಕದ ವಿಲಿಯಂ ಶುಮನ್ ಬೇರೆ) ಮ್ಯಾನ್‌ಫ್ರೆಡ್ ಓವರ್ಚರ್, ಅಂದರೆ ನಾಟಕಕ್ಕೆ ಮುಂಚೆ ನುಡಿಸುವ ಆರಂಭದ ಸಂಗೀತ. ಅದು ಶುರುವಾಗುವುದು ಮೂರು ಬಿರುಸಾದ ಹೊಡೆತಗಳಿಂದ, ಮೂರೂ ತಾಳಕ್ಕೆ ಸರಿಯಾಗಿ ಬೀಳದೆ ಎರಡು ಬಡಿತಗಳ ನಡುವೆ ಬೀಳುತ್ತವೆ. ಅಂದರೆ ಕಂಡಕ್ಟರ್ ಮೊದಲ ಬಡಿತ ತೋರಿಸುವಾಗ ಸದ್ದೇ ಇಲ್ಲ. ಸದ್ದು ಅದರ ಮರುಗಳಿಗೆ. ಕೈಯಲ್ಲಿ ಕೂದಲೆಳೆಯಷ್ಟು ಅನುಮಾನ ಕಂಡರೂ ನೂರು ಜನ ನೂರು ಕಡೆ ಶುರು ಮಾಡುತ್ತಾರೆ. ಆ ವಾದಕರೊಂದಿಗೆ ಅದನ್ನು ಒಮ್ಮೆಯೂ ರಿಹರ್ಸಲ್ ಮಾಡದ ಹುಡುಗ ಸರಿಯಾಗಿ ಶುರು ಮಾಡಿದರು. ಮರುದಿನ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲೇ ಸುದ್ದಿ.

ಹೆಸರು ಬಂದ ಮೇಲೆ ಏನು ಮಾಡಿದರು ಅನ್ನುವುದು ನನಗೆ ಇನ್ನೂ ಮುಖ್ಯ. 1945ರಿಂದ ಎರಡು-ಮೂರು ಸೀಸನ್ ನ್ಯೂಯಾರ್ಕ್ ಸಿಟಿ ಸಿಂಫನಿ ಎಂಬ ಆರ್ಕೆಸ್ಟ್ರಾವನ್ನು ಸಂಬಳ ಇಲ್ಲದೆ ನಡೆಸಿದರು. ಹೊಸ ಸಂಗೀತವನ್ನು ಧಾರಾಳವಾಗಿ ಹಾಕಿದರು. ಬೀಥೋವನ್, ಬ್ರಾಮ್ಸ್ ನುಡಿಸಿಕೊಂಡು ಯುರೋಪ್ ಸುತ್ತಿದ್ದರೆ ಜಾಸ್ತಿ ಸುಖ ಇತ್ತು, ಅಲ್ವಾ?

ಆಮೇಲೆ 1951. ಚಾರ್ಲ್ಸ್ ಐವ್ಸ್ ಅಂತ ಒಬ್ಬರು ಕಂಪೋಸರ್. ಹೊಟ್ಟೆಪಾಡಿಗೆ ನ್ಯೂಯಾರ್ಕ್‌ನಲ್ಲಿ ಜೀವವಿಮೆ ವ್ಯವಹಾರ, ಬಿಡುವಿನಲ್ಲಿ ಸಂಗೀತ. ಅವರ ಎರಡನೇ ಸಿಂಫನಿಯಲ್ಲಿ ಬ್ರಾಮ್ಸ್ ನೆರಳೂ ಇದೆ, ಊರ ಬ್ಯಾಂಡಿನ ಧಾಟಿ, ಚರ್ಚಿನ ಹಾಡು, ಅಮೆರಿಕದ ಹಳೇ ಜನಪ್ರಿಯ ಹಾಡುಗಳನ್ನು ಕಟ್ಟಿದ ಸ್ಟೀಫನ್ ಫಾಸ್ಟರ್ ಅವರ ಹಾಡಿನ ತುಣುಕುಗಳೂ ಇವೆ. ಬರೆದು ಹೆಚ್ಚುಕಡಿಮೆ ಅರ್ಧ ಶತಮಾನ ಆದರೂ ಪೂರ್ತಿಯಾಗಿ ಯಾರೂ ನುಡಿಸಿರಲಿಲ್ಲ. ಆ ವರ್ಷದ ಫೆಬ್ರುವರಿ 22ರಂದು ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಜೊತೆ ಬರ್ನ್‌ಸ್ಟೀನ್ ಮೊದಲ ಸಲ ನುಡಿಸಿದರು. 76 ವಯಸ್ಸಿನ ಐವ್ಸ್ ಬರಲಿಲ್ಲ, ಹೆಂಡತಿ ಬಂದಿದ್ದರು. ಕಂಪೋಸರ್ ತನ್ನ ಸಿಂಫನಿಯನ್ನು ಕೇಳಿದ್ದು ಆಮೇಲೆ ರೇಡಿಯೋದಲ್ಲಿ. ಇಲ್ಲಿಗೆ ನಿಂತಿದ್ದರೆ ಅದೂ ಮದುವೆಯ ದಿನದ ಸಂಭ್ರಮ ಅಷ್ಟೇ ಆಗುತ್ತಿತ್ತು. ಆದರೆ 1958ರಲ್ಲಿ ಅದನ್ನು ರೆಕಾರ್ಡ್ ಮಾಡಿದರು, 1967ರಲ್ಲಿ ಐವ್ಸ್ ಮೇಲೆ ಒಂದು ಇಡೀ ಮಕ್ಕಳ ಕಾರ್ಯಕ್ರಮ ಮಾಡಿದರು, 1959ರ ಸೋವಿಯತ್ ಪ್ರವಾಸಕ್ಕೂ ಐವ್ಸ್‌ರ ಇನ್ನೊಂದು ಪುಟ್ಟ ಕೃತಿಯನ್ನು ಕೊಂಡೊಯ್ದರು. ಇವತ್ತು ಐವ್ಸ್ ಹೆಸರು ಸಂಗೀತದ ಪಠ್ಯಗಳಲ್ಲಿದೆ. ಅದಕ್ಕೆ ಕಾರಣ ಬರ್ನ್‌ಸ್ಟೀನ್ ಒಬ್ಬರೇ ಅಲ್ಲ, ಆದರೆ ಅವರಿಲ್ಲದಿದ್ದರೆ ಇನ್ನೂ ತಡವಾಗುತ್ತಿತ್ತು ಎಂದು ಧೈರ್ಯವಾಗಿ ಹೇಳಬಹುದು.

ರಿಹರ್ಸಲ್‌ನ ಒಳಗಿನ ಒಂದು ವಿಷಯವನ್ನೂ ಹೇಳಬೇಕು. ಹೊಸ ದೇಶದ ಸಂಗೀತಕ್ಕೆ ಅದರದೇ ನಡಿಗೆ ಇರುತ್ತದೆ. ಎಂಟು ಮಾತ್ರೆ ಇದ್ದರೆ ಯುರೋಪಿನ ಪದ್ಧತಿಯಲ್ಲಿ ಬೆಳೆದ ವಾದಕರು ತಮಗೆ ಗೊತ್ತಿಲ್ಲದೆಯೇ ಅದನ್ನು ನಾಲ್ಕು-ನಾಲ್ಕಾಗಿ ಎಣಿಸುತ್ತಾರೆ. ಕೋಪ್‌ಲ್ಯಾಂಡ್ ಸಂಗೀತದಲ್ಲಿ ಅದೇ ಎಂಟು ಮೂರು-ಮೂರು-ಎರಡು ಎಂದು ಒಡೆಯುತ್ತದೆ, ಮುಂದಿನ ಸಾಲಿನಲ್ಲಿ ಐದಾಗುತ್ತದೆ, ಏಳಾಗುತ್ತದೆ. ಲೆಕ್ಕ ತಪ್ಪದೆ ನುಡಿಸಿದರೂ ಮರಗಟ್ಟಿದಂತೆ ಕೇಳಬಹುದು. ಜಾಸ್ ಕೇಳಿ, ಕುಣಿದು ಬೆಳೆದವರಿಗೆ ಆ ಒಡೆತ ಮೈಯಲ್ಲೇ ಇರುತ್ತದೆ. ಬರ್ನ್‌ಸ್ಟೀನ್ ಅವರಿಗೆ ಇತ್ತು. ಕೋಪ್‌ಲ್ಯಾಂಡ್ ಅವರನ್ನು 1937ರಿಂದಲೇ ಬಲ್ಲವರು, ಯುವಕರಾಗಿದ್ದಾಗಲೇ ಅವರ ಆರ್ಕೆಸ್ಟ್ರಾ ಕೃತಿಯೊಂದನ್ನು ಪಿಯಾನೋಗೆ ಅಳವಡಿಸಿಕೊಟ್ಟವರು. ಒಂದೊಂದು ಸ್ವರ ಬೆರಳಿನಿಂದ ಹಾದುಹೋದ ಮೇಲೆ ಎದುರು ನಿಂತು ಹೇಳಿಕೊಡುವುದು ಸುಲಭ. ಅವರು ನುಡಿಸಿದ ಮೇಲೆ ಬೇರೆ ಕಂಡಕ್ಟರ್‌ಗಳಿಗೆ ಆ ಸಂಗೀತ ಹೀಗೆ ನಡೆಯಬೇಕು ಅನ್ನುವ ಮಾದರಿ ಸಿಕ್ಕಿತು. ಒಂದು ದೇಶದ ಸಂಗೀತ ಕಾಗದದ ಮೇಲೆ ಇದ್ದರೆ ಸಾಲದು, ಅದನ್ನು ನುಡಿಸುವ ರೀತಿಯೂ ಹುಟ್ಟಬೇಕು.

1958ರಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನ ಸಂಗೀತ ನಿರ್ದೇಶಕರಾದರು. ಅಮೆರಿಕದಲ್ಲೇ ಹುಟ್ಟಿ ಅಲ್ಲೇ ಕಲಿತು ಆ ಕುರ್ಚಿಗೆ ಬಂದ ಮೊದಲಿಗರು. ಮೊದಲ ಸೀಸನ್‌ನ ಮುಖ್ಯ ಎಳೆಯೇ ಅಮೆರಿಕದ ಸಂಗೀತ, ಹಳೆಯ ತಲೆಮಾರಿನಿಂದ ಹಿಡಿದು ಆಗಿನವರ ತನಕ. 1962ರಲ್ಲಿ ಲಿಂಕನ್ ಸೆಂಟರ್‌ನಲ್ಲಿ ಹೊಸ ಸಭಾಂಗಣ ಉದ್ಘಾಟನೆಯಾದಾಗ ಅದಕ್ಕೆಂದೇ ಕೋಪ್‌ಲ್ಯಾಂಡ್ ಹೊಸ ಕೃತಿ ಬರೆದರು. ಕರ್ಕಶವಾದ ಸಂಗೀತ. ಬಂದವರಲ್ಲಿ ಬಹಳ ಜನಕ್ಕೆ ಅದು ರುಚಿಸಲಿಲ್ಲ.

ಈಗ ಮಕ್ಕಳ ವಿಷಯಕ್ಕೆ ಬರೋಣ. ಆ ಆರ್ಕೆಸ್ಟ್ರಾದಲ್ಲಿ ಮಕ್ಕಳ ಕಾನ್ಸರ್ಟ್ ಹೊಸದಲ್ಲ. ಅರ್ನೆಸ್ಟ್ ಶೆಲ್ಲಿಂಗ್ 1924ರಿಂದಲೇ ನಡೆಸುತ್ತಿದ್ದರು. ಬರ್ನ್‌ಸ್ಟೀನ್ ತಂದ ಬದಲಾವಣೆ ಎರಡು. ಸಾಮಾನ್ಯವಾಗಿ ಇಂಥ ಕಾನ್ಸರ್ಟ್ ಸಹಾಯಕರ ಪಾಲಿಗೆ ಹೋಗುತ್ತದೆ, ಇವರು ಮುಖ್ಯಸ್ಥರಾಗಿ ತಾವೇ ಇಟ್ಟುಕೊಂಡರು. ಜೊತೆಗೆ ಸಿಬಿಎಸ್ ಟಿವಿಯವರ ಕ್ಯಾಮೆರಾ ಬಂತು. 1958ರ ಜನವರಿ 18ರಿಂದ 1972ರವರೆಗೆ ಟಿವಿಗೆ ಮಾಡಿದ್ದು 53 ಕಾರ್ಯಕ್ರಮ. ಮಾತನ್ನು ಅವರೇ ಬರೆಯುತ್ತಿದ್ದರು, ಸಹಾಯಕರ ತಂಡದ ಜೊತೆ ಕೂತು ಮತ್ತೆ ಮತ್ತೆ ತಿದ್ದುತ್ತಿದ್ದರು. ನೋಡುವಾಗ ಆಗಲೇ ಹೊಳೆದದ್ದನ್ನು ಹೇಳುತ್ತಿದ್ದಾರೇನೋ ಅನ್ನಿಸುತ್ತದೆ. ಅದು ತಯಾರಿ.

ಮೊದಲ ಕಾರ್ಯಕ್ರಮ ನೋಡಿದ್ದೀರಾ? ರೊಸ್ಸಿನಿ ಅವರ ವಿಲಿಯಂ ಟೆಲ್ ಓವರ್ಚರ್‌ನ ಓಟದ ಭಾಗ ನುಡಿಸಿ, ಇದು ಯಾವುದರ ಬಗ್ಗೆ ಅಂತ ಕೇಳುತ್ತಾರೆ. ಮಕ್ಕಳೆಲ್ಲ ಒಂದೇ ದನಿಯಲ್ಲಿ ಆಗಿನ ಜನಪ್ರಿಯ ಕೌಬಾಯ್ ಸೀರಿಯಲ್ ಲೋನ್ ರೇಂಜರ್ ಹೆಸರು ಕೂಗುತ್ತಾರೆ. ಅದರ ಶೀರ್ಷಿಕೆ ಸಂಗೀತ ಅದೇ ತಾನೆ. ಅವರು ನಗುತ್ತಲೇ ಅಲ್ಲ ಅನ್ನುತ್ತಾರೆ. ಸಂಗೀತ ಕುದುರೆಯ ಬಗ್ಗೆ ಅಲ್ಲ, ಸ್ವರಗಳ ಬಗ್ಗೆ ಅನ್ನುವುದು ಅವರ ವಾದ. ಎಂಟು ವರ್ಷದ ಮಕ್ಕಳ ಮುಂದೆ ಸೌಂದರ್ಯಶಾಸ್ತ್ರದ ಒಂದು ಹಳೇ ಜಗಳವನ್ನೇ ಇಟ್ಟುಬಿಟ್ಟರು ನೋಡಿ! ಕಥೆ ಹೇಳಿ ರಂಜಿಸುವುದು ಸುಲಭ ಇತ್ತು. ಮಕ್ಕಳಿಗೆ ತಲೆ ಇದೆ ಎಂದು ನಂಬಿ ಮಾತಾಡಿದರು, ನನಗೆ ಅವರಲ್ಲಿ ತುಂಬ ಇಷ್ಟ ಆಗೋದು ಇದೇ.

ಎರಡೇ ವಾರದ ಮೇಲೆ, ಫೆಬ್ರುವರಿ 1ರಂದು, ಎರಡನೇ ಕಾರ್ಯಕ್ರಮ. ವಿಷಯ ಅಮೆರಿಕದ ಸಂಗೀತ ಅಂದ್ರೆ ಯಾವುದು ಎಂಬುದು. ಹಾರ್ವರ್ಡ್ ಪ್ರಬಂಧದ ಪ್ರಶ್ನೆಯೇ, 19 ವರ್ಷ ಕಳೆದು ಮಕ್ಕಳ ಮುಂದೆ! ಮೊದಮೊದಲು ಯುರೋಪಿನವರನ್ನು ನೋಡಿ ಬರೆದ ಅಮೆರಿಕನ್ನರು, ಆಮೇಲೆ 1890ರ ದಶಕದಲ್ಲಿ ನ್ಯೂಯಾರ್ಕ್‌ಗೆ ಬಂದು ನಿಮ್ಮ ನೆಲದ ಹಾಡುಗಳನ್ನೇ ಬಳಸಿ ಎಂದ ಚೆಕ್ ಕಂಪೋಸರ್ ಡ್ವೋರ್ಜಾಕ್, ಆಮೇಲೆ ಎಲ್ಲರ ಕಿವಿಗೂ ಬಿದ್ದ ಜಾಸ್, ಕೊನೆಗೆ ಜಾಸ್ ಬೇಕೆಂದು ತುರುಕದೆಯೂ ಅಮೆರಿಕದ್ದು ಅನ್ನಿಸುವ ಸಂಗೀತ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕರೆದೊಯ್ಯುತ್ತಾರೆ, ಪ್ರತಿಯೊಂದಕ್ಕೂ ಆರ್ಕೆಸ್ಟ್ರಾದಿಂದ ನುಡಿಸಿ ತೋರಿಸುತ್ತಾರೆ. ಕೊನೆಯಲ್ಲಿ ಸ್ವತಃ ಕೋಪ್‌ಲ್ಯಾಂಡ್ ವೇದಿಕೆಗೆ ಬಂದು ತಮ್ಮ ಮೂರನೇ ಸಿಂಫನಿಯ ಕೊನೆಯ ಭಾಗ ನಡೆಸಿಕೊಡುತ್ತಾರೆ. ಕಂಪೋಸರ್ ಅಂದ್ರೆ ವಿಗ್ ಹಾಕಿಕೊಂಡು ಸತ್ತುಹೋದವರು ಎಂದುಕೊಂಡಿದ್ದ ಮಕ್ಕಳಿಗೆ ಕನ್ನಡಕ ಹಾಕಿದ, ಬದುಕಿರುವ, ತಮ್ಮದೇ ಊರಿನ ಕಂಪೋಸರ್ ಕಂಡರು.

ಆ ಪೀಳಿಗೆಯ ಸಂಗೀತದ ಒಂದು ಚೂರನ್ನು ಹತ್ತಿರದಿಂದ ನೋಡಿ. ವಿಲಿಯಂ ಶುಮನ್ ಅವರ ಅಮೆರಿಕನ್ ಫೆಸ್ಟಿವಲ್ ಓವರ್ಚರ್, 1939ರದು. ಮೊದಲ ಮೂರು ಸ್ವರ ಎಲ್ಲಿಂದ ಬಂದವು ಗೊತ್ತಾ? ನ್ಯೂಯಾರ್ಕ್ ಬೀದಿಯ ಹುಡುಗರು ಗೆಳೆಯರನ್ನು ಆಟಕ್ಕೆ ಕರೆಯಲು ‘ವೀ-ಆಕ್-ಈ’ ಅಂತ ಕೂಗುತ್ತಿದ್ದರಂತೆ. ಅದೇ ಕೂಗನ್ನು ಶುಮನ್ ಇಡೀ ಆರ್ಕೆಸ್ಟ್ರಾಗೆ ಕೊಟ್ಟರು. ಮನೆಯ ಹೊರಗೆ ಹುಡುಗರು ಕೂಗುವ ಕೂಗು ಕಾರ್ನೆಗಿ ಹಾಲ್‌ನಲ್ಲಿ ನೂರು ವಾದ್ಯಗಳಿಂದ ಬರುತ್ತದೆ. ಇಂಥದ್ದು ಕೇಳಿಸಿದರೆ ಮಗುವಿಗೆ ದೇಶದ ಸಂಗೀತ ಅಂದ್ರೇನು ಅಂತ ಭಾಷಣ ಮಾಡುವ ಅಗತ್ಯವೇ ಇಲ್ಲ.

ಈಗ ಎರಡು ತುದಿ ಸೇರಿಸಿ ನೋಡಿ. ದೊಡ್ಡವರ ಕಿವಿ ಆಗಲೇ ಗಟ್ಟಿಯಾಗಿದೆ. ಅವರಿಗೆ ಬೇಕಾದ್ದು ಗೊತ್ತಿದೆ, ಬೇಡವಾದದ್ದೂ ಗೊತ್ತಿದೆ. ಹತ್ತು ವರ್ಷದ ಮಗುವಿಗೆ ಮೊಜಾರ್ಟ್ ಎಷ್ಟು ಹೊಸದೋ ಕೋಪ್‌ಲ್ಯಾಂಡ್ ಅಷ್ಟೇ ಹೊಸದು, ಎರಡರಲ್ಲಿ ಯಾವುದು ಮೇಲು ಎಂದು ಅದಕ್ಕೆ ಯಾರೂ ಇನ್ನೂ ಹೇಳಿಲ್ಲ. ಎರಡನೇ ಪ್ರದರ್ಶನಕ್ಕೆ ಜನ ಬೇಕಲ್ಲ, ಆ ಜನ ತಯಾರಾಗುವುದು ಇಲ್ಲಿ. ಹಾಗೆಯೇ ವಾದಕರು. 1963ರ ಜನವರಿಯಲ್ಲಿ 16 ವರ್ಷದ ಆಂಡ್ರೆ ವಾಟ್ಸ್‌ರನ್ನು ಈ ಕಾರ್ಯಕ್ರಮದಲ್ಲಿ ಲಿಸ್ಟ್ ಅವರ ಮೊದಲ ಪಿಯಾನೋ ಕಾನ್ಸರ್ಟೋ (ಪಿಯಾನೋ ಮುಂದಿದ್ದು ಆರ್ಕೆಸ್ಟ್ರಾ ಜೊತೆಗಿರುವ ಕೃತಿ) ನುಡಿಸಲು ಕರೆದರು. ಅಪ್ಪ ಆಫ್ರಿಕನ್ ಅಮೆರಿಕನ್, ಅಮ್ಮ ಹಂಗೇರಿಯವರು. ಅದೇ ತಿಂಗಳ ಕೊನೆಗೆ ಹೆಸರಾಂತ ಪಿಯಾನೋ ವಾದಕ ಗ್ಲೆನ್ ಗೌಲ್ಡ್ ಹುಷಾರಿಲ್ಲದೆ ಬರದಿದ್ದಾಗ ಮುಖ್ಯ ಕಾನ್ಸರ್ಟ್‌ಗೂ ಆ ಹುಡುಗನನ್ನೇ ಕೂರಿಸಿದರು. ವಾಟ್ಸ್ ಆಮೇಲೆ ದೊಡ್ಡ ಪಿಯಾನೋ ವಾದಕರಾದರು. ಸಹಾಯಕ ಕಂಡಕ್ಟರ್ ಆಗಿ ಬಂದವರಲ್ಲಿ ಸೇಜಿ ಒಜಾವಾ, ಕ್ಲಾಡಿಯೊ ಅಬ್ಬಾಡೊ ಇದ್ದರು, ಇಬ್ಬರೂ ಆಮೇಲೆ ದೊಡ್ಡ ಕಂಡಕ್ಟರ್‌ಗಳಾದರು. ನಿಮ್ಮ ಮಗಳಿಗೆ ಇದನ್ನು ಹೇಳಿ: 25ನೇ ವಯಸ್ಸಿನಲ್ಲಿ ತನಗೆ ಸಿಕ್ಕ ಅವಕಾಶವನ್ನು 16ರ ಹುಡುಗನಿಗೆ ಕೊಡಲು ಅವರು ಹಿಂದೆ ಮುಂದೆ ನೋಡಲಿಲ್ಲ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ಮೋಸವಾಗುತ್ತದೆ. ಅಮೆರಿಕದ ಸಂಗೀತ ಎಂದು ಅವರು ಎತ್ತಿಹಿಡಿದದ್ದು ಬಹುಪಾಲು ತಮಗೆ ಹಿಡಿಸುವ, ತಮ್ಮ ಗೆಳೆಯರ ಬಳಗದ ಸಂಗೀತ. 1964ರಲ್ಲಿ ಜಾನ್ ಕೇಜ್ ಮೊದಲಾದ ಪ್ರಯೋಗಶೀಲರನ್ನು ಹಾಕಿದಾಗ ವೇದಿಕೆಯಲ್ಲೇ ವಾದಕರು ಅಪಹಾಸ್ಯ ಮಾಡಿದರು. ಕಪ್ಪು ಜನಾಂಗದ ಕಂಪೋಸರ್‌ಗಳಿಗೆ ಸಿಕ್ಕ ಜಾಗ ತೀರಾ ಕಡಿಮೆ. ಈ ವಿಷಯದಲ್ಲಿ ಹಿಂದಿನವರೇ ಮುಂದಿದ್ದರು: ವಿಲಿಯಂ ಗ್ರಾಂಟ್ ಸ್ಟಿಲ್ ಅವರ ಸಿಂಫನಿಯನ್ನು 1931ರಲ್ಲೇ ಹೊವರ್ಡ್ ಹ್ಯಾನ್ಸನ್ ರೊಚೆಸ್ಟರ್‌ನಲ್ಲಿ, ಫ್ಲಾರೆನ್ಸ್ ಪ್ರೈಸ್ ಅವರದನ್ನು 1933ರಲ್ಲಿ ಫ್ರೆಡ್ರಿಕ್ ಸ್ಟಾಕ್ ಷಿಕಾಗೋದಲ್ಲಿ ಮೊದಲ ಸಲ ನುಡಿಸಿದ್ದರು. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ಗೆ ಕಪ್ಪು ಜನಾಂಗದ ಮೊದಲ ಖಾಯಂ ವಾದಕ ಸೇರಿದ್ದು 1962ರಲ್ಲಿ, ಪಿಟೀಲು ವಾದಕ ಸ್ಯಾನ್‌ಫೋರ್ಡ್ ಆಲೆನ್. ಈಗ ಆ ಟಿವಿ ಕಾರ್ಯಕ್ರಮ ನೋಡುವಾಗ ವೇದಿಕೆಯ ಮೇಲಿನ ಮುಖಗಳನ್ನೂ ಗಮನಿಸಿ, ಮಾತಿನಲ್ಲಿ ಜಾಸ್‌ಗೆ ಇರುವ ಗೌರವ ಅಲ್ಲಿನ ಕುರ್ಚಿಗಳಲ್ಲಿ ಕಾಣುವುದಿಲ್ಲ.

ಹ್ಯಾನ್ಸನ್ ಹೆಸರು ಬಂತಲ್ಲ, ಅವರದು ಸದ್ದಿಲ್ಲದ ಇನ್ನೊಂದು ದಾರಿ. 1924ರಿಂದ 1964ರವರೆಗೆ, ನಲವತ್ತು ವರ್ಷ, ರೊಚೆಸ್ಟರ್‌ನ ಈಸ್ಟ್‌ಮನ್ ಸಂಗೀತ ಶಾಲೆ ನಡೆಸಿದರು. ಅಮೆರಿಕನ್ ಕಂಪೋಸರ್‌ಗಳ ಹೊಸ ಕೃತಿಗಳಿಗೆಂದೇ ಕಾನ್ಸರ್ಟ್‌ಗಳನ್ನು ಇಟ್ಟರು, ರೆಕಾರ್ಡ್‌ಗಳನ್ನು ಮಾಡಿದರು. ಟಿವಿ ಕಳೆ ಇರಲಿಲ್ಲ, ಹಾಗಾಗಿ ಹೆಸರು ಅಷ್ಟು ಉಳಿಯಲಿಲ್ಲ. ನನ್ನನ್ನು ಕೇಳಿದರೆ ಸಂಖ್ಯೆಯಲ್ಲಿ ಹ್ಯಾನ್ಸನ್ ಕೆಲಸ ಬರ್ನ್‌ಸ್ಟೀನ್ ಕೆಲಸಕ್ಕಿಂತ ಕಡಿಮೆಯಲ್ಲ.

ವೃತ್ತಿಯ ಬೆಲೆಯೂ ಸಣ್ಣದಲ್ಲ. 1957ರಲ್ಲಿ ವೆಸ್ಟ್ ಸೈಡ್ ಸ್ಟೋರಿ ಎಂಬ ಸಂಗೀತ ನಾಟಕಕ್ಕೆ ಸಂಗೀತ ಬರೆದು ನ್ಯೂಯಾರ್ಕ್‌ನ ರಂಗಭೂಮಿ ಬ್ರಾಡ್‌ವೇ ಅಲುಗಾಡಿಸಿದ ಕಂಪೋಸರ್, ಮುಂದಿನ ಹತ್ತು-ಹನ್ನೊಂದು ವರ್ಷ ಆ ಆರ್ಕೆಸ್ಟ್ರಾ ನಡೆಸುತ್ತ ಪೂರ್ತಿ ಮಾಡಿದ ದೊಡ್ಡ ಕಾನ್ಸರ್ಟ್ ಕೃತಿಗಳು ಎರಡೇ. ಅದರಲ್ಲೂ ಒಂದಕ್ಕೆ ಸಮಯ ಸಿಕ್ಕಿದ್ದು ಒಂದು ವರ್ಷ ರಜೆ ಹಾಕಿದ್ದರಿಂದ. 1969ರಲ್ಲಿ ಅವರು ಹುದ್ದೆ ಬಿಟ್ಟ ಕಾರಣಗಳಲ್ಲಿ ಇದೂ ಒಂದು.

ಬಿಟ್ಟರೂ ಎಳೆಯರ ಕೆಲಸ ಬಿಡಲಿಲ್ಲ. 1982ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಯುವ ಸಂಗೀತಗಾರರ ಬೇಸಿಗೆ ಸಂಸ್ಥೆ, 1987ರಲ್ಲಿ ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್‌ನಲ್ಲಿ ಯುವಕರ ಆರ್ಕೆಸ್ಟ್ರಾ, 1990ರಲ್ಲಿ ಜಪಾನಿನ ಸಪ್ಪೊರೊದಲ್ಲಿ ಇನ್ನೊಂದು. ಅದೇ ಬೇಸಿಗೆಯಲ್ಲಿ, ಆರೋಗ್ಯ ಪೂರ್ತಿ ಕೆಟ್ಟಿದ್ದಾಗ, ಟ್ಯಾಂಗಲ್‌ವುಡ್‌ನ ವಿದ್ಯಾರ್ಥಿ ಆರ್ಕೆಸ್ಟ್ರಾದಿಂದ ಕೋಪ್‌ಲ್ಯಾಂಡ್‌ರ ಮೂರನೇ ಸಿಂಫನಿ ನುಡಿಸಿದರು. ಅಕ್ಟೋಬರ್ 14ರಂದು ತೀರಿಕೊಂಡರು, ವಯಸ್ಸು 72. ಅವರ ಶಿಷ್ಯವರ್ಗವೂ ಇದೇ ಜೋಡಿಯನ್ನು ಮುಂದುವರಿಸಿತು. ಮೈಕಲ್ ಟಿಲ್ಸನ್ ಥಾಮಸ್ ಮಯಾಮಿಯಲ್ಲಿ ಯುವ ವಾದಕರ ನ್ಯೂ ವರ್ಲ್ಡ್ ಸಿಂಫನಿ ಕಟ್ಟಿದರು. ಮರಿನ್ ಆಲ್ಸಪ್ ಬಾಲ್ಟಿಮೋರ್‌ನಲ್ಲಿ ಬಡ ಮಕ್ಕಳಿಗೆ ವಾದ್ಯ ಕಲಿಸುವ ಆರ್ಕ್‌ಕಿಡ್ಸ್ ಶುರು ಮಾಡಿದರು.

ಈ ಜೋಡಿ ಅಮೆರಿಕದ ಸ್ವತ್ತು ಅಂತ ತಿಳಿಯಬೇಡಿ. ಮೆಕ್ಸಿಕೋದಲ್ಲಿ ಕಾರ್ಲೋಸ್ ಚಾವೆಜ್ 1928ರಿಂದ 1949ರವರೆಗೆ ಅಲ್ಲಿನ ಸಿಂಫನಿ ಆರ್ಕೆಸ್ಟ್ರಾ ನಡೆಸಿ ಮೆಕ್ಸಿಕನ್ ಕಂಪೋಸರ್‌ಗಳಿಗೆ ಬಾಗಿಲು ತೆರೆದರು. ವೆನೆಜುವೆಲಾದಲ್ಲಿ ಹೊಸೆ ಅಂಟೋನಿಯೊ ಅಬ್ರೂ 1975ರಲ್ಲಿ ಬೆರಳೆಣಿಕೆಯ ಹುಡುಗರನ್ನು ಒಂದು ಗ್ಯಾರೇಜಿನಲ್ಲಿ ಸೇರಿಸಿ ಶುರು ಮಾಡಿದ್ದು ಎಲ್ ಸಿಸ್ತೇಮಾ ಎಂಬ ದೊಡ್ಡ ಚಳವಳಿಯಾಯಿತು. ಅದರಲ್ಲೇ ಬೆಳೆದವರು ಗುಸ್ತಾವೊ ದುದಾಮೆಲ್. 2007ರಲ್ಲಿ ಅವರ ಯುವ ಆರ್ಕೆಸ್ಟ್ರಾ ಲಂಡನ್‌ನ ಪ್ರಾಮ್ಸ್ ಉತ್ಸವದಲ್ಲಿ ಲ್ಯಾಟಿನ್ ಅಮೆರಿಕದ ಸಂಗೀತದ ಜೊತೆ ಬರ್ನ್‌ಸ್ಟೀನ್ ಅವರ ವೆಸ್ಟ್ ಸೈಡ್ ಸ್ಟೋರಿಯ ಮಾಂಬೊ ಕುಣಿತವನ್ನೂ ಬಣ್ಣದ ಜಾಕೆಟ್ ಹಾಕಿ, ವಾದ್ಯ ತಿರುಗಿಸುತ್ತ ನುಡಿಸಿತು. ಮೆಕ್ಸಿಕೋದ ಆರ್ಟುರೊ ಮಾರ್ಕೆಜ್ 1994ರಲ್ಲಿ ಬರೆದ ಎರಡನೇ ಡಾನ್‌ಜೋನ್ ಎಂಬ ನೃತ್ಯ ಲಯದ ಆರ್ಕೆಸ್ಟ್ರಾ ಕೃತಿ ಲೋಕಪ್ರಸಿದ್ಧವಾಗಲು ದೊಡ್ಡ ಕಾರಣ ಈ ಹುಡುಗರು ಅದನ್ನು ಹೋದಲ್ಲೆಲ್ಲ ನುಡಿಸಿದ್ದು.

ನಿಮ್ಮ ಮಗಳಿಗೆ ಒಂದು ಕೆಲಸ ಕೊಡಿ. ಐವ್ಸ್‌ರ ಎರಡನೇ ಸಿಂಫನಿಯ ಕೊನೆಯ ಐದು ನಿಮಿಷವನ್ನು ಬರ್ನ್‌ಸ್ಟೀನ್ ಅವರ 1958ರ ರೆಕಾರ್ಡಿಂಗ್‌ನಲ್ಲೊಮ್ಮೆ, ಟಿಲ್ಸನ್ ಥಾಮಸ್ ಅವರದರಲ್ಲೊಮ್ಮೆ ಕೇಳಲಿ. ಕಟ್ಟಕಡೆಯಲ್ಲಿ ಒಂದಕ್ಕೊಂದು ಹೊಂದದ ಸ್ವರಗಳೆಲ್ಲ ಒಟ್ಟಿಗೆ ಅಪ್ಪಳಿಸುತ್ತವೆ. ಐವ್ಸ್ ಬರೆದದ್ದು ಚುಟುಕಾಗಿ. ಬರ್ನ್‌ಸ್ಟೀನ್ ಅದನ್ನು ಎಳೆದು ಎಳೆದು ಹಿಡಿಯುತ್ತಾರೆ, ಅಷ್ಟು ಹೊತ್ತಿಗಾಗಲೇ ಇಡೀ ಕೃತಿಯಲ್ಲಿ ವೇಗಗಳನ್ನೂ ಬೇಕಾದ ಹಾಗೆ ಬದಲಿಸಿ, ಅಲ್ಲಲ್ಲಿ ಸ್ವಲ್ಪ ಕತ್ತರಿಯನ್ನೂ ಆಡಿಸಿರುತ್ತಾರೆ. ಅವರಿಂದಲೇ ಈ ಸಿಂಫನಿ ಜನಕ್ಕೆ ಗೊತ್ತಾಗಿದ್ದು, ಹಾಗಾಗಿ ಬಹಳ ಕಾಲ ಜನ ಐವ್ಸ್ ಬರೆದದ್ದೇ ಹೀಗೆ ಎಂದುಕೊಂಡಿದ್ದರು. ಯಾವುದು ಹಿಡಿಸಿತು, ಯಾಕೆ ಅಂತ ಅವಳೇ ಹೇಳಲಿ. ನನಗೆ ಈಗಲೂ ಇಷ್ಟವಾಗೋದು ಬರ್ನ್‌ಸ್ಟೀನ್ ಎಳೆದದ್ದೇ.